ಸಂಬಳ ಹುಬ್ಬಳ್ಳಿದು, ಓಟ ಬೆಂಗಳೂರಿಂದು

ಕೆಲಸದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ವೇಗವಾಗಿ ಬೆಳೆಯುವ ಕಂಪನಿ, ಅಲ್ಲಿನ ಮ್ಯಾನೇಜ್‌ಮೆಂಟು, ಅಲ್ಲಿ ದುಡಿಯುವವರ ಪಾಡು. ಹುಬ್ಬಳ್ಳಿ-ಧಾರವಾಡದಿಂದ ಇಂಥ ಪತ್ರ ಇಷ್ಟು ಬರ್ತಿರೋದು ಈಚಿನ ವರ್ಷಗಳಲ್ಲೇ. ಗೋಕುಲ ರಸ್ತೆಯ ಇನ್ಫೋಸಿಸ್ ಕ್ಯಾಂಪಸ್ 2022ರಲ್ಲಿ ಶುರುವಾಯಿತು, ದೇಶಪಾಂಡೆ ಸ್ಟಾರ್ಟಪ್ಸ್ ಥರದ ಕಡೆ ಹೊಸ ಕಂಪನಿಗಳು ಹುಟ್ಟುತ್ತಿವೆ, ಬೆಂಗಳೂರಿಗೆ ಹೋಗದೇ ಇಲ್ಲೇ ಕೆಲಸ ಮಾಡುವ ಹುಡುಗ ಹುಡುಗಿಯರು ಜಾಸ್ತಿ ಆಗಿದ್ದಾರೆ. ಇದು ನನಗೆ ಬಹಳ ಖುಷಿಯ ಸಂಗತಿ. ಅದಕ್ಕೇ ಈ ಪತ್ರಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕಾವ್ರೆ, ನಾನು ಹುಬ್ಬಳ್ಳಿಯವಳೇ. ಇಲ್ಲೇ ಇಂಜಿನಿಯರಿಂಗ್ ಮುಗಿಸಿ ಇಲ್ಲೇ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದೆ. ಅಪ್ಪ ಅಮ್ಮನ ಜೊತೆ ಇರಬಹುದು ಅನ್ನೋ ಆಸೆ. ಮೊದಲ ವರ್ಷ ಬಹಳ ಚೆನ್ನಾಗಿತ್ತು, ಸಣ್ಣ ತಂಡ, ಎಲ್ಲಾ ಕೆಲಸ ಕಲಿತೆ. ಆಮೇಲೆ ಹೊರಗಿನಿಂದ ಬಂಡವಾಳ ಬಂತು, ಎಲ್ಲಾ ಬದಲಾಯಿತು. ಸೋಮವಾರ ಒಂದು ಕೆಲಸ ತುಂಬಾ ಮುಖ್ಯ ಅಂತಾರೆ. ಬುಧವಾರ ಅದನ್ನು ಬಿಟ್ಟು ಇದನ್ನು ಮಾಡಿ ಅಂತಾರೆ. ಶುಕ್ರವಾರ ಸಂಜೆ 'ಸೋಮವಾರ ಹೇಳಿದ್ದು ಎಲ್ಲಿಗೆ ಬಂತು?' ಅಂತ ಕೇಳ್ತಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬರುತ್ತೆ, ಉತ್ತರ ಕೊಡದಿದ್ದರೆ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ (ಟೀಮಿನ ದಿನದ ಕಿರುಸಭೆ) ಎಲ್ಲರ ಮುಂದೆ ಮಾತು. ಮಾಲೀಕರು ನಮ್ಮ ಕಾಲೇಜಿನ ಸೀನಿಯರ್, 'ನಾವೆಲ್ಲ ಒಂದೇ ಮನೆಯವರು' ಅಂತಾರೆ. ಕಳೆದ ಅಪ್ರೈಸಲ್‌ನಲ್ಲಿ 'ನಿನಗೆ ಕಂಪನಿ ನಂದು ಅನ್ನೋ ಭಾವನೆ ಕಮ್ಮಿ' ಅಂದರು. ನಿದ್ದೆ ಸರಿ ಬರ್ತಿಲ್ಲ. 'ಸಂಬಳ ಹುಬ್ಬಳ್ಳಿದು, ಓಟ ಬೆಂಗಳೂರಿಂದು' ಅಂತ ನಮ್ಮ ಟೀಮಿನವರು ಮಾತಾಡ್ಕೊಳ್ತೇವೆ. ನನ್ನಲ್ಲೇ ತಾಕತ್ತು ಸಾಲದೋ, ಕಂಪನಿಯೇ ಸರಿ ಇಲ್ಲವೋ ಗೊತ್ತಾಗ್ತಿಲ್ಲ. ಇರಲೋ, ಬಿಡಲೋ?
*ಹೆಸರು ಬೇಡ, ಹುಬ್ಬಳ್ಳಿ*

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎಲ್ಲೂ 'ಕೆಲಸ ಕಷ್ಟ' ಅಂತ ಬರೆದಿಲ್ಲ ನೀವು. ಸೋಮವಾರ ಹೇಳಿದ್ದು ಬುಧವಾರ ಉಳಿಯೋದಿಲ್ಲ ಅಂತ ಬರೆದಿದ್ದೀರಿ. ಅಂದಮೇಲೆ ತಾಕತ್ತಿನ ಪ್ರಶ್ನೆಯನ್ನು ಮೊದಲು ತಲೆಯಿಂದ ತೆಗೆದುಹಾಕಿ.

ವೇಗದ ಕಂಪನಿಗಳಲ್ಲಿ ನಾನು ಮೊದಲು ನೋಡುವುದು ಒಂದೇ. ಆ ವೇಗದ ಖರ್ಚನ್ನು ಕೊಡುತ್ತಿರುವವರು ಯಾರು? ನಿಜವಾಗಿ ವೇಗವಾಗಿರುವ ಕಡೆ ಮೇಲಿನವರು ಬೇಗ ತೀರ್ಮಾನ ಮಾಡ್ತಾರೆ, ಮಾಡಿದ್ದಕ್ಕೆ ಅಂಟಿಕೊಳ್ತಾರೆ, ಬದಲಾಯಿಸಲೇಬೇಕಾದರೆ ಯಾವುದನ್ನು ಕೈಬಿಡಬೇಕು ಅನ್ನೋದನ್ನೂ ಅವರೇ ಹೇಳ್ತಾರೆ. ಅಲ್ಲಿ ಕೆಲಸ ಜಾಸ್ತಿ ಇರಬಹುದು, ಆದರೆ ರಾತ್ರಿ ಮಲಗುವಾಗ ನಾಳೆ ಏನು ಅಂತ ಗೊತ್ತಿರುತ್ತೆ. ನೀವು ಬರೆದ ಥರದ ಕಡೆ ಮೇಲಿನವರ ಮನಸ್ಸು ತೂಗಾಡ್ತಾ ಇರುತ್ತೆ, ಆ ತೂಗಾಟವನ್ನು ಸರಿದೂಗಿಸೋಕೆ ಕೆಳಗಿನವರು ತಮ್ಮ ರಾತ್ರಿ, ತಮ್ಮ ಭಾನುವಾರ ಕೊಡ್ತಾರೆ. ತೀರ್ಮಾನ ಮಾಡದೇ ಇರೋದು ಅವರು, ಅದರ ಬೆಲೆ ಕೊಡೋದು ನೀವು. ಹೊರಗಿನಿಂದ ನೋಡಿದರೆ ಎರಡೂ ಕಡೆ ಜನ ಓಡಾಡ್ತಿರುತ್ತಾರೆ, ಆಫೀಸಿನ ದೀಪ ತಡವಾಗಿ ಆರುತ್ತೆ. ಒಳಗಿದ್ದವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ನಿಮ್ಮ ಕಂಪನಿಯಲ್ಲಿ ಸ್ಟ್ಯಾಂಡಪ್ ನಡೆಯುತ್ತೆ ಅಂದಿರಿ. ಅಂದರೆ ಬಹುಶಃ 'ಅಜೈಲ್' ಪದ್ಧತಿ, ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುವ ಪದ್ಧತಿ, ಅಂತಲೂ ಹೇಳ್ತಿರುತ್ತಾರೆ. ಯಾವಾಗ ಬೇಕಾದರೂ ಏನು ಬೇಕಾದರೂ ಬದಲಾಯಿಸಬಹುದು ಅಂತ ಅದಕ್ಕೆ ಅರ್ಥ ಹಚ್ಚುವ ಮ್ಯಾನೇಜರುಗಳನ್ನು ನಾನು ಬಹಳ ಕಂಡಿದ್ದೇನೆ. 2001ರಲ್ಲಿ ಅಮೆರಿಕದಲ್ಲಿ 17 ಜನ ಸಾಫ್ಟ್‌ವೇರ್ ತಜ್ಞರು ಸೇರಿ ಆ ಪದ್ಧತಿಯ ಪ್ರಣಾಳಿಕೆ ಬರೆದರು. ಅದರ 12 ತತ್ವಗಳಲ್ಲಿ ಒಂದು ಏನು ಹೇಳುತ್ತೆ ಗೊತ್ತಾ? ಹಣ ಹಾಕುವವರು, ಕೋಡ್ ಬರೆಯುವವರು, ಬಳಸುವವರು ಎಲ್ಲರೂ ಒಂದೇ ಸಮನಾದ ಗತಿಯಲ್ಲಿ ಎಷ್ಟು ಕಾಲ ಬೇಕಾದರೂ ಮುಂದುವರಿಯುವ ಹಾಗಿರಬೇಕು ಅಂತ. ಅಜೈಲ್‌ನ ಒಂದು ರೂಪವಾದ ಸ್ಕ್ರಮ್ ನಿಯಮದಲ್ಲೂ ಅಷ್ಟೆ. ಸ್ಪ್ರಿಂಟ್, ಅಂದರೆ ಕೆಲವು ವಾರಗಳ ಒಂದು ಕೆಲಸದ ಸುತ್ತು, ಶುರುವಾದ ಮೇಲೆ ಅದರ ಗುರಿಗೆ ಧಕ್ಕೆ ತರುವ ಬದಲಾವಣೆ ಮಾಡುವಂತಿಲ್ಲ. ಗುರಿಯೇ ಬೇಡವಾಯಿತು ಅಂದರೆ ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಆ ಸ್ಪ್ರಿಂಟನ್ನು ರದ್ದು ಮಾಡಬೇಕು. ಸುಮ್ನೆ ಬುಧವಾರ ಮಧ್ಯಾಹ್ನ ಬಂದು 'ಅದು ಬಿಡ್ರಿ, ಇದು ಹಿಡೀರಿ' ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ. ಇದನ್ನು ನಿಮ್ಮ ಸೀನಿಯರ್ ಜೊತೆ ವಾದಕ್ಕೆ ಅಂತ ಹೇಳ್ತಿಲ್ಲ. ನೀವು ಕೇಳ್ತಿರೋದು ಅತಿ ಆಸೆಯ ಮಾತಲ್ಲ, ಆ ಪದ್ಧತಿ ಕಟ್ಟಿದವರೇ ಬರೆದಿಟ್ಟ ಮಾತು ಅಂತ ನಿಮಗೆ ಧೈರ್ಯ ಬರಲಿ ಅಂತ.

ಇನ್ನೊಂದು ಉದಾಹರಣೆ ಕಾರ್ಖಾನೆಯದು. ಟೊಯೊಟಾ ಕಂಪನಿಯ ಅಸೆಂಬ್ಲಿ ಲೈನಿನಲ್ಲಿ ಆಂಡಾನ್ ಅಂತ ಒಂದು ಹಗ್ಗ ಇರುತ್ತಿತ್ತು, ಈಗ ಎಷ್ಟೋ ಕಡೆ ಬಟನ್. ಸಾಮಾನ್ಯ ಕೆಲಸಗಾರ ಏನೋ ಸರಿ ಇಲ್ಲ ಅನಿಸಿದ ಕೂಡಲೇ ಅದನ್ನು ಎಳೆಯಬಹುದು. ಟೀಮ್ ಲೀಡರ್ ಓಡಿ ಬರ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನು ನಿಲ್ಲುತ್ತೆ. ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾಡುವ ಕಂಪನಿಗಳಲ್ಲಿ ಒಂದು, ತನ್ನ ವೇಗವನ್ನು ತಡೆಯುವ ಹಕ್ಕನ್ನು ಕೆಳಗಿನ ಸಾಲಿನವರ ಕೈಗೆ ಕೊಟ್ಟಿದೆ. ನಿಮ್ಮ ಆಫೀಸಿನಲ್ಲಿ ಅಂಥದ್ದೊಂದು ಹಗ್ಗ ಇದೆಯಾ? 'ಈ ದಿನಾಂಕಕ್ಕೆ ಆಗೋದಿಲ್ಲ' ಅಂತ ಒಬ್ಬರಾದರೂ ಹೇಳಿ, ಹೇಳಿದ ಮೇಲೂ ಮರ್ಯಾದೆಯಿಂದ ಕೆಲಸ ಮುಂದುವರಿಸಿದ್ದು ನೀವು ನೋಡಿದ್ದೀರಾ? ಈ ಎರಡು ಪ್ರಶ್ನೆಗೆ ನಿಮ್ಮೊಳಗೆ ಬರುವ ಉತ್ತರ ಬಹಳ ಮುಖ್ಯ.

ನಮ್ಮೂರಲ್ಲಿ ಇದು ಇನ್ನೂ ಕಷ್ಟ ಅಂತ ನನಗೆ ಗೊತ್ತು. ಬೆಂಗಳೂರಲ್ಲಿ ಬಾಸ್ ಬರೀ ಬಾಸ್. ಇಲ್ಲಿ ಅವರು ಕಾಲೇಜಿನ ಸೀನಿಯರ್, ಅವರ ಸೋದರಮಾವ ನಿಮ್ಮ ತಂದೆಗೆ ಪರಿಚಯ, ಅವರ ಮನೆಯ ಗೃಹಪ್ರವೇಶಕ್ಕೆ ನೀವೆಲ್ಲ ಊಟಕ್ಕೆ ಹೋಗಿ ಬಂದಿರ್ತೀರಿ. ಹಾಗಿರುವಾಗ ರಾತ್ರಿ ಹನ್ನೊಂದರ ಮೆಸೇಜಿಗೆ 'ನಾಳೆ ನೋಡ್ತೇನೆ ಅಣ್ಣ' ಅನ್ನೋಕೆ ಬಾಯಿ ಬರೋದಿಲ್ಲ, ಅಲ್ವಾ? ಅದರ ಮೇಲೆ ಇಲ್ಲಿ ಕಂಪನಿಗಳೇ ಕಡಿಮೆ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಸಿಗುತ್ತೋ ಇಲ್ಲವೋ, ಅವರವರೆಲ್ಲ ಒಬ್ಬರಿಗೊಬ್ಬರು ಗೊತ್ತಿರ್ತಾರೆ ಅನ್ನೋ ಭಯ. 'ಒಂದೇ ಮನೆಯವರು' ಅನ್ನೋ ಮಾತಿನಲ್ಲಿ ಪ್ರೀತಿ ಇರಬಹುದು, ಇಲ್ಲ ಅಂತ ನಾನು ಹೇಳೋದಿಲ್ಲ. ಆದರೆ ಮನೆಯಲ್ಲಿ ಯಾರೂ ಅಪ್ರೈಸಲ್ ಮಾಡೋದಿಲ್ಲ, ನೋಟಿಸ್ ಪೀರಿಯಡ್ ಇರೋದಿಲ್ಲ. ಕೆಲಸ ಕೇಳುವಾಗ ಮನೆಯವರು, ಸಂಬಳ ಹೆಚ್ಚಿಸಿ ಅಂದಾಗ ನೌಕರರು ಅಂತಾದರೆ ಆ ಸಂಬಂಧ ಒಂದೇ ಕಡೆಗೆ ವಾಲಿದೆ.

ಕಾನೂನಿನ ಮಾತು ಸ್ವಲ್ಪ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು, ಸಾಫ್ಟ್‌ವೇರ್ ಕಂಪನಿಯೂ ಅದರೊಳಗೆ ಬರುತ್ತೆ. ಅದು ಇಟ್ಟ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಜಾಸ್ತಿ ಮಾಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಸಂಬಳ ಕೊಡಬೇಕು, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ದಾಟಬಾರದು ಅಂತ ಇದೆ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಇದು ಅನ್ವಯಿಸೋದಿಲ್ಲ, ಆದರೆ ಕೋಡ್ ಬರೆಯುವ ನಿಮ್ಮಂಥವರಿಗೆ ಅನ್ವಯಿಸುತ್ತೆ. ಈ ಮಿತಿಯನ್ನು ಏರಿಸುವ ಪ್ರಸ್ತಾವ 2024ರಲ್ಲೂ 2025ರಲ್ಲೂ ಬಂದಿತ್ತು, ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಅವರು ಸುಮ್ನೆ ಗಲಾಟೆ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯು ಆಗುವ ಅಪಾಯ ಅಂದಾಜು ಶೇ 35 ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಜಾಸ್ತಿ. ನಿಮ್ಮ ಗ್ರೂಪಿನ ರಾತ್ರಿ ಮೆಸೇಜುಗಳನ್ನೂ ಸೇರಿಸಿ ಒಂದು ವಾರದ ಗಂಟೆ ಎಣಿಸಿ ನೋಡಿ. ನಿಮಗೇ ಬೇಕು ಆ ಲೆಕ್ಕ.

ಈಗ ಇರಲೋ ಬಿಡಲೋ ಅನ್ನೋದು. ನಾಳೆಯೇ ರಾಜೀನಾಮೆ ಬೇಡ. ಮೊದಲು ಒಂದು ಕೆಲಸ ಮಾಡಿ. ಇನ್ನು ಮುಂದೆ ಕೆಲಸ ಬದಲಾದಾಗೆಲ್ಲ ಮೇಲ್ ಹಾಕಿ. ಉದ್ದ ಬೇಡ. 'ಬುಧವಾರ ಹೇಳಿದ ಹೊಸ ಕೆಲಸ ಶುರು ಮಾಡ್ತಿದ್ದೇನೆ, ಸೋಮವಾರದ ಕೆಲಸ ಇಷ್ಟಕ್ಕೆ ನಿಲ್ಲಿಸಿದ್ದೇನೆ, ಎರಡರಲ್ಲಿ ಶುಕ್ರವಾರಕ್ಕೆ ಯಾವುದು ಬೇಕು ತಿಳಿಸಿ.' ಅಷ್ಟು ಸಾಕು. ಇದರಿಂದ ಎರಡು ಲಾಭ. ತೀರ್ಮಾನ ಮಾಡುವ ಕೆಲಸ ಯಾರದೋ ಅವರ ಮೇಜಿಗೆ ವಾಪಸ್ ಹೋಗುತ್ತೆ. ಶುಕ್ರವಾರ ಸಂಜೆ ಕೇಳಿದಾಗ ನೀವು ನೆನಪಿನ ಮೇಲೆ ವಾದ ಮಾಡಬೇಕಾಗಿಲ್ಲ. ಕೆಲವು ಮ್ಯಾನೇಜರುಗಳು ಇಂಥ ಮೇಲ್ ನೋಡಿ ನಿಜವಾಗಿಯೂ ತಿದ್ದಿಕೊಳ್ತಾರೆ, ಯಾಕಂದರೆ ತಾವು ಎಷ್ಟು ಸಲ ಮನಸ್ಸು ಬದಲಾಯಿಸ್ತೇವೆ ಅಂತ ಅವರಿಗೇ ಗೊತ್ತಿರೋದಿಲ್ಲ. ಇನ್ನು ಕೆಲವರು 'ಇದೇನು ಸರ್ಕಾರಿ ಆಫೀಸಾ, ಬರವಣಿಗೆ ಯಾಕೆ' ಅಂತ ಸಿಟ್ಟಾಗ್ತಾರೆ. ನಿಮ್ಮವರು ಯಾವ ಥರ ಅಂತ ಒಂದೆರಡು ತಿಂಗಳಲ್ಲಿ ಗೊತ್ತಾಗುತ್ತೆ.

ಆ ಸೀನಿಯರ್ ಜೊತೆ ಒಬ್ಬರೇ ಕೂತು ಮಾತಾಡಿ. ಗುಂಪಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. 'ಕಂಪನಿ ನಂದು ಅನ್ನೋ ಭಾವನೆ ಕಮ್ಮಿ ಅಂದಿರಿ, ನಾನು ಏನು ಮಾಡಿದ್ದರೆ ಅದು ಸರಿ ಇರ್ತಿತ್ತು, ಒಂದು ಉದಾಹರಣೆ ಕೊಡಿ' ಅಂತ ಕೇಳಿ. ಅವರು ಒಂದು ಕೆಲಸ ಹೆಸರಿಟ್ಟು ಹೇಳಿದರೆ ಕೇಳಿಸಿಕೊಳ್ಳಿ, ಅದರಲ್ಲಿ ಕಲಿಯೋದು ಇರಬಹುದು. 'ರಾತ್ರಿ ಉತ್ತರ ಕೊಡೋದಿಲ್ಲ' ಅನ್ನೋದು ಬಿಟ್ಟು ಬೇರೇನೂ ಹೇಳೋಕೆ ಆಗದಿದ್ದರೆ, ಅವರು ಅಳೆಯುತ್ತಿರೋದು ನಿಮ್ಮ ಕೆಲಸವನ್ನಲ್ಲ, ನಿಮ್ಮ ಫೋನನ್ನು. ಅಲ್ಲಿ ಉಳಿದು ಬೆಳೆಯೋದು ಕಷ್ಟ. ಆಗ ಹುಡುಕೋಕೆ ಶುರು ಮಾಡಿ. ಹುಬ್ಬಳ್ಳಿ ಬಿಟ್ಟು ಹೋಗೋಕೆ ಮನಸ್ಸಿಲ್ಲದಿದ್ದರೆ ಮನೆಯಿಂದ ಕೆಲಸ ಮಾಡಿಸುವ ಹೊರಗಿನ ಕಂಪನಿಗಳನ್ನೂ ನೋಡಿ, ನಿಮ್ಮ ಅನುಭವಕ್ಕೆ ಬೆಲೆ ಇದೆ. ಸಣ್ಣ ತಂಡದಲ್ಲಿ ಎಲ್ಲಾ ಕೆಲಸ ಕಲಿತವರು ದೊಡ್ಡ ಕಂಪನಿಯಲ್ಲಿ ಸುಲಭವಾಗಿ ಸಿಗೋದಿಲ್ಲ.

ನಿದ್ದೆಯ ವಿಷಯ ಹಗುರವಾಗಿ ತಗೋಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗ ಇದೆ, ಹೋಗಿ ತೋರಿಸಿಕೊಳ್ಳಿ. ಹೋಗೋಕೆ ಸಂಕೋಚ ಅನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಅಮ್ಮನಿಗೂ ಹೇಳಿ. ಮಗಳು ರಾತ್ರಿ ಎಚ್ಚರ ಇರೋದು ಅವರಿಗೆ ಈಗಾಗಲೇ ಗೊತ್ತಿರುತ್ತೆ.

ಪ್ರಶ್ನೆ: ಮೇಡಂ, ನಾನು ಧಾರವಾಡದವನು. ಹುಬ್ಬಳ್ಳಿಯ ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ಟೀಮ್ ಲೀಡ್. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ನಮ್ಮ ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಕೆಲಸ ಮಾಡ್ತಾರೆ. ಆದರೆ ಪ್ರತಿ ಸಲ ಒಬ್ಬರಿಗಾದರೂ ಕೆಳಗಿನ ರೇಟಿಂಗ್ ಕೊಡಲೇಬೇಕು ಅಂತ ಮೇಲಿನಿಂದ ಆದೇಶ. ಕಳೆದ ಸಲ ಹೆರಿಗೆ ರಜೆ ಮುಗಿಸಿ ಬಂದ ಒಬ್ಬರ ಹೆಸರು ಹಾಕು ಅಂದರು. 'ನಮ್ಮದು ಫಾಸ್ಟ್ ಕಂಪನಿ, ಹಿಂದೆ ಬಿದ್ದವರನ್ನು ಹೊತ್ತುಕೊಂಡು ಹೋಗೋಕಾಗಲ್ಲ' ಅಂತ ಮ್ಯಾನೇಜರ್ ಮಾತು. ನಾನು ಹೇಗೋ ತಪ್ಪಿಸಿದೆ. ಮತ್ತೆ ರೇಟಿಂಗ್ ಹತ್ತಿರ ಬಂತು. ಏನು ಮಾಡಲಿ?
*ಟೀಮ್ ಲೀಡ್, ಧಾರವಾಡ*

ಉತ್ತರ: ನೀವು ತಪ್ಪಿಸಿದ್ದಕ್ಕೆ ಮೊದಲು ನಿಮಗೆ ನಮಸ್ಕಾರ. ಮಧ್ಯದಲ್ಲಿ ನಿಂತವರ ಕಷ್ಟವನ್ನು ಯಾರೂ ಬರೆಯೋದಿಲ್ಲ. ಮೇಲಿನವರಿಗೆ ನೀವು ಮೆತ್ತಗಿನವರು, ಕೆಳಗಿನವರಿಗೆ ನೀವೇ ಮ್ಯಾನೇಜ್‌ಮೆಂಟ್.

ಹೀಗೆ ಕಡ್ಡಾಯವಾಗಿ ಒಂದಷ್ಟು ಜನರನ್ನು ಕೆಳಗೆ ಹಾಕುವ ಪದ್ಧತಿ ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದಾಗ ಅದು ಹೆಸರು ಮಾಡಿತು. ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಅಂತ ವಿಂಗಡಿಸಿ, ಆ ಕೊನೆಯ ಹತ್ತನ್ನು ಹೊರಗೆ ಕಳಿಸೋದು. ಎಷ್ಟೋ ಕಂಪನಿಗಳು ಅದನ್ನು ನಕಲು ಮಾಡಿದವು. ಮೈಕ್ರೋಸಾಫ್ಟ್ ಕೂಡ ಬಹಳ ವರ್ಷ ಇಂಥದ್ದೇ ಪದ್ಧತಿ ಇಟ್ಟುಕೊಂಡು 2013ರಲ್ಲಿ ಕೈಬಿಟ್ಟಿತು. ಜನರಲ್ ಎಲೆಕ್ಟ್ರಿಕ್ ಸಹ ಆ ದಾರಿ ಬಿಟ್ಟಿತು. ಕಾರಣ ಸರಳ. ಪಕ್ಕದವನು ಬಿದ್ದರೆ ನಾನು ಉಳಿಯುತ್ತೇನೆ ಅಂತಾದರೆ ಯಾರೂ ಪಕ್ಕದವನಿಗೆ ಕೆಲಸ ಹೇಳಿಕೊಡೋದಿಲ್ಲ. ಸಪೋರ್ಟ್ ಕೆಲಸದಲ್ಲಿ ಇದು ಇನ್ನೂ ಕೆಟ್ಟದ್ದು. ಕಷ್ಟದ ಕರೆ ಬಂದಾಗ ಎದ್ದು ಬಂದು ನೆರವಾಗುವ ಹಿರಿಯರೇ ಅಲ್ಲಿ ಟೀಮನ್ನು ಉಳಿಸೋದು, ರೇಟಿಂಗ್ ಹಾಳೆಯಲ್ಲಿ ಅವರ ಆ ಕೆಲಸಕ್ಕೆ ಕಾಲಮ್ಮೇ ಇರೋದಿಲ್ಲ.

ಹೆರಿಗೆ ರಜೆಯ ಮಾತಿಗೆ ಬರ್ತೇನೆ, ಇದು ಎಲ್ಲಕ್ಕಿಂತ ಗಂಭೀರ. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಅವರ ಹಕ್ಕು. ಹಕ್ಕಿನ ರಜೆ ತಗೊಂಡಿದ್ದಕ್ಕೆ ರೇಟಿಂಗ್ ಇಳಿಸೋದು ಅನ್ಯಾಯ, ಕಂಪನಿಗೂ ಮುಂದೆ ತೊಂದರೆ ತರುವಂಥದ್ದು. ಇದನ್ನು ಮ್ಯಾನೇಜರಿಗೆ ಸಿಟ್ಟಿಲ್ಲದೆ ಹೇಳಿ. 'ಸರ್, ಇದು ಬರವಣಿಗೆಯಲ್ಲಿ ಹೋದರೆ ನಾಳೆ ಕಂಪನಿ ಉತ್ತರ ಕೊಡಬೇಕಾಗುತ್ತೆ. ಕಾರಣ ಅಂತ ನಾನು ಏನು ಬರೆಯಲಿ, ನೀವೇ ಹೇಳಿ.' ಬರೆಯೋಕೆ ಬರುವ ಕಾರಣ ಇಲ್ಲದ ರೇಟಿಂಗ್ ಅಲ್ಲಿಗೇ ಸಡಿಲ ಆಗುತ್ತೆ. ಈ ಮಾತನ್ನು ಎಚ್‌ಆರ್ ಎದುರಲ್ಲೂ ಆಡಿ.

ಉಳಿದವರ ವಿಷಯದಲ್ಲಿ ಈಗಿನಿಂದಲೇ ತಯಾರಾಗಿ. ಪ್ರತಿಯೊಬ್ಬರೂ ಮಾಡಿದ ಒಳ್ಳೆಯ ಕೆಲಸವನ್ನು ವಾರವಾರ ಬರೆದಿಡಿ. ಯಾವ ಗ್ರಾಹಕರ ಸಮಸ್ಯೆ, ಹೇಗೆ ಬಗೆಹರಿಸಿದರು, ಯಾರಿಗೆ ಕಲಿಸಿದರು, ಎಲ್ಲಾ. ರೇಟಿಂಗ್ ಸಭೆಯಲ್ಲಿ 'ಅವಳು ಒಳ್ಳೆಯವಳು ಸರ್' ಅಂದರೆ ಯಾರೂ ಕೇಳೋದಿಲ್ಲ, ಪುಟ ತೆಗೆದು ಇಟ್ಟರೆ ಕೇಳ್ತಾರೆ. ಆದರೂ ಒಂದು ಹೆಸರು ಬೇಕೇ ಬೇಕು ಅಂತ ಒತ್ತಿದರೆ, 'ನನ್ನ ಅಭಿಪ್ರಾಯದಲ್ಲಿ ಯಾರೂ ಇಲ್ಲ' ಅಂತ ಬರೆದು ಕಳಿಸಿ. ಕೆಳಗಿಳಿಸುವ ತೀರ್ಮಾನ ಅವರ ಸಹಿಯಲ್ಲಿ ಹೋಗಲಿ. ಇದಕ್ಕೆ ನಿಮ್ಮ ಬಡ್ತಿ ಒಂದು ಸಲ ತಡ ಆಗಬಹುದು, ಅದನ್ನು ಮುಚ್ಚಿಟ್ಟು ಧೈರ್ಯ ಹೇಳೋದು ಸರಿಯಲ್ಲ. ಆದರೆ ಟೀಮಿನ ಎದುರು ದಿನಾ ಕೂರಬೇಕಾದವರು ನೀವು, ನಿಮ್ಮ ಮ್ಯಾನೇಜರ್ ಅಲ್ಲ.

ಪ್ರಶ್ನೆ: ನನ್ನ ಮಗನಿಗೆ ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಎರಡು ವರ್ಷದ ಬಾಂಡ್ ಬರೆದುಕೊಡಬೇಕು, ಮಧ್ಯೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಕೊಡಬೇಕು ಅಂತಿದ್ದಾರೆ. 'ಹುಡುಗರು ಕಲಿತು ಓಡಿ ಹೋಗ್ತಾರೆ, ಅದಕ್ಕೇ' ಅಂತಾರೆ. ನಾನು ಬೆಟಗೇರಿಯಲ್ಲಿ ಸಣ್ಣ ವ್ಯಾಪಾರಸ್ಥ, ಇವೆಲ್ಲ ನನಗೆ ಗೊತ್ತಾಗೋದಿಲ್ಲ.
*ಒಬ್ಬ ತಂದೆ, ಗದಗ-ಬೆಟಗೇರಿ*

ಉತ್ತರ: ಅಣ್ಣಾವ್ರೆ, ಒರಿಜಿನಲ್ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಡಿ, ಒರಿಜಿನಲ್ ಅದೇ ದಿನ ಮನೆಗೆ ತರಲಿ. ಪರಿಶೀಲನೆಗೆ ನೋಡಬೇಕು ಅನ್ನೋದು ನ್ಯಾಯ. ಇಟ್ಟುಕೊಳ್ತೇವೆ ಅನ್ನೋದು ಹುಡುಗನನ್ನು ಕಟ್ಟಿಹಾಕುವ ಉಪಾಯ. ನಾಳೆ ಸರ್ಕಾರಿ ಕೆಲಸಕ್ಕೋ, ಮುಂದಿನ ಓದಿಗೋ ಅರ್ಜಿ ಹಾಕಬೇಕಾದರೆ ಅವರ ಬಾಗಿಲಲ್ಲಿ ನಿಂತು ಕೇಳಬೇಕಾಗುತ್ತೆ.

ಬಾಂಡ್ ವಿಷಯದಲ್ಲಿ 'ಅದು ನಡೆಯೋದಿಲ್ಲ, ಸುಮ್ನೆ ಸಹಿ ಹಾಕು' ಅಂತ ಗೆಳೆಯರು ಹೇಳ್ತಾರೆ. ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷ ಕೆಲಸ ಮಾಡಬೇಕು, ಇಲ್ಲದಿದ್ದರೆ 2 ಲಕ್ಷ ಕಟ್ಟಬೇಕು ಅನ್ನೋ ಷರತ್ತು ಆ ಸಂದರ್ಭದಲ್ಲಿ ಸರಿಯೇ ಅಂತ ಹೇಳಿತು. ಅದು ಪರೀಕ್ಷೆ ನಡೆಸಿ ನೇಮಕ ಮಾಡುವ ಸರ್ಕಾರಿ ಬ್ಯಾಂಕು, ಮಧ್ಯೆ ಬಿಟ್ಟರೆ ಮತ್ತೆ ಅದೇ ಖರ್ಚು ಅನ್ನೋದನ್ನೂ ಕೋರ್ಟ್ ಲೆಕ್ಕಕ್ಕೆ ತಗೊಂಡಿತು. ಖಾಸಗಿ ಕಂಪನಿಗೂ ಒಂದು ಮಿತಿ ಇದೆ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಬಾಂಡಿನಲ್ಲಿ ಬರೆದಷ್ಟೂ ಹಣ ತಾನಾಗಿ ಸಿಗೋದಿಲ್ಲ. ಆ ಮೊತ್ತ ಮೀರದಂತೆ, ನ್ಯಾಯವಾದಷ್ಟು ಪರಿಹಾರ ಮಾತ್ರ. ಆದ್ದರಿಂದ ಸಹಿಗೆ ಮುಂಚೆ ಮಗ ಇಷ್ಟು ಕೇಳಲಿ: ಯಾವ ತರಬೇತಿ, ಎಷ್ಟು ದಿನ, ಯಾರು ಕಲಿಸ್ತಾರೆ, ಒಂದೂವರೆ ವರ್ಷ ದುಡಿದು ಬಿಟ್ಟರೆ ಮೊತ್ತ ಕಡಿಮೆ ಆಗುತ್ತಾ, ಕಂಪನಿಯೇ ತೆಗೆದುಹಾಕಿದರೆ ಏನು. ಕೊನೆಯ ಪ್ರಶ್ನೆ ಬಹಳ ಜನ ಕೇಳೋದಿಲ್ಲ. ಉತ್ತರ ಬರವಣಿಗೆಯಲ್ಲಿ ಬರಲಿ. ಕೆಲಸ ಕಲಿಸುವ ಕಂಪನಿ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳೋದಿಲ್ಲ.

ಪ್ರಶ್ನೆ: ರಾಣೆಬೆನ್ನೂರಿನ ಕೃಷಿ ಸಂಬಂಧಿ ಸ್ಟಾರ್ಟಪ್‌ನಲ್ಲಿ ಇದ್ದೇನೆ. ಹೊಲ ಹೊಲ ಅಲೆದು ರೈತರನ್ನು ಸೇರಿಸುವ ಕೆಲಸ. ಎರಡು ಸಲ ಇನ್‌ಕ್ರಿಮೆಂಟ್ ಕೊಟ್ಟಿಲ್ಲ, 'ನಿಂಗೆ ಷೇರು ಕೊಡ್ತೇವೆ, ಕಂಪನಿ ದೊಡ್ಡದಾದರೆ ನೀನೇ ಸಾಹುಕಾರ' ಅಂತಾರೆ. ನಂಬಲೇ?
*ಹಾವೇರಿ ಜಿಲ್ಲೆ*

ಉತ್ತರ: ಕಾಗದ ಇದ್ದರೆ ನಂಬಿ. ನೌಕರರಿಗೆ ಷೇರು ಕೊಡುವ ಯೋಜನೆಗೆ ಕಂಪನಿಯ ಷೇರುದಾರರು ನಿರ್ಣಯ ಮಾಡಿ ಒಪ್ಪಿಗೆ ಕೊಟ್ಟಿರಬೇಕು. ನಿಮಗೆ ಎಷ್ಟು, ಯಾವ ಬೆಲೆಗೆ, ಯಾವಾಗ ಅಂತ ಗ್ರಾಂಟ್ ಲೆಟರ್ ಬರಬೇಕು. ಕೊಟ್ಟ ದಿನದಿಂದ ಕಡಿಮೆ ಅಂದರೂ ಒಂದು ವರ್ಷ ಕಳೆದ ಮೇಲೆಯೇ ಅದು ನಿಮ್ಮ ಹಕ್ಕಾಗೋದು. ಹಕ್ಕಾದ ಮೇಲೆ ಷೇರು ಪಡೆಯೋಕೆ ನಿಗದಿ ಬೆಲೆ ಕಟ್ಟಬೇಕು. ಅವತ್ತಿನ ಬೆಲೆಗೂ ನೀವು ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ನಿಮ್ಮ ಸಂಬಳದ ಭಾಗ ಅಂತ ಲೆಕ್ಕ, ಅದಕ್ಕೆ ತೆರಿಗೆ ಇದೆ. ಖಾಸಗಿ ಕಂಪನಿಯ ಷೇರನ್ನು ಮಾರ್ಕೆಟ್ಟಿಗೆ ಹೋಗಿ ಮಾರೋಕೂ ಆಗೋದಿಲ್ಲ. ಹೆಚ್ಚಾಗಿ ಬೇರೆ ಯಾರಾದರೂ ಕಂಪನಿ ಕೊಂಡಾಗ, ಇಲ್ಲ ಷೇರುಪೇಟೆಗೆ ಬಂದಾಗಲೇ ಕೈಗೆ ಕಾಸು. ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಪಡೀಬೇಕು ಅನ್ನೋದನ್ನೂ ಆ ಪತ್ರದಲ್ಲಿ ನೋಡಿ. ಬಾಯಿಮಾತಿನ ಷೇರಿಗಾಗಿ ಇನ್‌ಕ್ರಿಮೆಂಟ್ ಬಿಡಬೇಡಿ. ಪೆಟ್ರೋಲ್ ಖರ್ಚು ಕೈಯಿಂದ ಹೋಗ್ತಿದ್ದರೆ ಅದನ್ನಂತೂ ಈ ತಿಂಗಳೇ ಕೇಳಿ. ಜೊತೆಗೆ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಸಂಬಳದಿಂದ ಕಡಿದ ಹಣ ಅಲ್ಲಿ ತಿಂಗಳು ತಿಂಗಳು ಜಮಾ ಆಗಿದೆಯಾ ಅನ್ನೋದು ಆ ಕಂಪನಿಯ ಮಾತಿಗೆ ಎಷ್ಟು ಬೆಲೆ ಅಂತ ಹೇಳುತ್ತೆ.

ಪ್ರಶ್ನೆ: ನೀವು ಯಾವಾಗಲೂ ನೌಕರರ ಪರ. ನಾನು ಹುಬ್ಬಳ್ಳಿಯಲ್ಲಿ ಸಣ್ಣ ಕಂಪನಿ ನಡೆಸ್ತೇನೆ. ಗ್ರಾಹಕರು ಅಮೆರಿಕದವರು, ಅವರು ರಾತ್ರಿ ಕೇಳಿದ್ದು ಬೆಳಿಗ್ಗೆ ಬೇಕು. ನಿಧಾನ ಮಾಡಿದರೆ ಕೆಲಸವೇ ಹೋಗುತ್ತೆ, ಆಗ ಎಲ್ಲರ ಸಂಬಳವೂ ಹೋಗುತ್ತೆ. ಹುಡುಗರು ವರ್ಷ ತುಂಬೋದರೊಳಗೆ ಬಿಡ್ತಾರೆ. ನಮ್ಮ ಕಷ್ಟ ಯಾರಿಗೆ ಹೇಳೋಣ?
*ಒಬ್ಬ ಮಾಲೀಕರು*

ಉತ್ತರ: ನನಗೇ ಹೇಳಿ, ಅದಕ್ಕೇ ಈ ಅಂಕಣ. ತಿಂಗಳ ಕೊನೆಗೆ ಎಲ್ಲರ ಸಂಬಳ ಹೊಂದಿಸುವವರ ನಿದ್ದೆಯೂ ಹೋಗುತ್ತೆ ಅಂತ ನನಗೆ ಗೊತ್ತು. ನಮ್ಮೂರಲ್ಲಿ ಕೆಲಸ ಹುಟ್ಟಿಸುವವರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಗ್ರಾಹಕರಿಗೆ ಬೆಳಿಗ್ಗೆ ಬೇಕು ಅಂದರೆ ರಾತ್ರಿ ಪಾಳಿ ಮಾಡಿ. ಇಂಥ ದಿನ ಇಂಥವರು ಅಂತ ಪಟ್ಟಿ ಹಾಕಿ, ಆ ಪಾಳಿಗೆ ಬೇರೆ ಹಣ ಕೊಡಿ, ಮರುದಿನ ಬಿಡುವು ಕೊಡಿ. ಹೆಣ್ಣುಮಕ್ಕಳು ಇದ್ದರೆ ಮನೆತನಕ ಗಾಡಿ ವ್ಯವಸ್ಥೆ ಮಾಡಿ. ಉಳಿದವರ ಫೋನ್ ಆ ರಾತ್ರಿ ಸುಮ್ಮನಿರಲಿ. ಆಗ ಅದು ನಿಮ್ಮ ಖರ್ಚಿನ ಲೆಕ್ಕಕ್ಕೆ ಬರುತ್ತೆ, ಗ್ರಾಹಕರಿಗೆ ಬಿಲ್ ಮಾಡುವಾಗ ಅದನ್ನು ಸೇರಿಸಬಹುದು. ಈಗ ಏನಾಗಿದೆ ಅಂದರೆ ಆ ಖರ್ಚು ಯಾವ ಪುಸ್ತಕದಲ್ಲೂ ಇಲ್ಲ, ಹುಡುಗರು ಸುಮ್ಮನೆ ಭರಿಸ್ತಿದ್ದಾರೆ, ನಿಮಗೆ ರೇಟು ಕಡಿಮೆ ಹೇಳೋಕೆ ಆಗ್ತಿರೋದೂ ಅದಕ್ಕೇ. ಒಬ್ಬರು ಬಿಟ್ಟು ಹೋದಾಗ ಹೊಸಬರನ್ನು ಹುಡುಕಿ, ಕಲಿಸಿ, ಅವರು ಕೈಗೆ ಬರುವ ತನಕ ಕಾಯುವ ತಿಂಗಳುಗಳ ಸಂಬಳ ಕೂಡಿಸಿ ನೋಡಿ. ಪಾಳಿಯ ಹಣಕ್ಕಿಂತ ಅದು ಜಾಸ್ತಿ ಬರುತ್ತೆ ಅನ್ನೋದು ನನ್ನ ನಂಬಿಕೆ.

ಬಿಟ್ಟು ಹೋಗುವ ದಿನ ಯಾರೂ ನಿಜ ಹೇಳೋದಿಲ್ಲ. 'ಮನೆ ಕಡೆ ತೊಂದರೆ' ಅಂತಲೋ, 'ಮುಂದೆ ಓದ್ತೇನೆ' ಅಂತಲೋ ಹೇಳ್ತಾರೆ, ರಿಲೀವಿಂಗ್ ಲೆಟರ್ ಕೈಗೆ ಬರಬೇಕಲ್ಲ. ಆ ಪತ್ರವನ್ನೂ ಬಾಕಿ ಹಣವನ್ನೂ ತಡ ಮಾಡದೆ ಕೊಟ್ಟುಬಿಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತಿದೆ. ಎಲ್ಲಾ ಮುಗಿದು ಕೆಲವು ತಿಂಗಳಾದ ಮೇಲೆ ಅವರಿಗೆ ನೀವೇ ಫೋನ್ ಮಾಡಿ, ಉಣಕಲ್ ಕೆರೆ ಹತ್ತಿರ ಎಲ್ಲಾದರೂ ಚಹಾಕ್ಕೆ ಕರೀರಿ, 'ಯಾಕೆ ಬಿಟ್ಟಿ, ಈಗ ಹೇಳು' ಅಂತ ಕೇಳಿ. ಒಬ್ಬರಲ್ಲ, ಮೂರ್ನಾಲ್ಕು ಜನರನ್ನು ಕೇಳಿ. ಅವರು ಹೇಳುವಾಗ ನಡುವೆ ಸಮಜಾಯಿಷಿ ಕೊಡಬೇಡಿ. ಅವರು ಹೇಳಿದ್ದರಲ್ಲಿ ಮತ್ತೆ ಮತ್ತೆ ಬಂದ ಮಾತು ಯಾವುದು ಅಂತ ನನಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆಯೇ ಮಾತಾಡೋಣ.